ಖಾಲಿ ಸರ್ವರ್

ಡ್ರೈವಿಂಗ್ ಮೇಷ್ಟ್ರಿಗೆ ಬೆನ್ನ ಹಿಂದೆ ಇನ್ನೊಂದು ಹೆಸರಿತ್ತು: ಬ್ರೇಕ್ ಮೇಷ್ಟ್ರು. ಅದು ಅವರ ಕಿವಿಗೂ ಬಿದ್ದಿತ್ತು. ಆದರೆ ಕಿವಿಗೆ ಬಿದ್ದದ್ದನ್ನು ಬಿದ್ದೇ ಇಲ್ಲವೆಂಬಂತೆ ಓಡಾಡುವುದರಲ್ಲಿ ಅವರದು ಎತ್ತಿದ ಕೈ. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದು ಅಪಾಯಕ್ಕೆಂದು ಇಟ್ಟದ್ದು. ನಮ್ಮ ಮೇಷ್ಟ್ರಿಗೋ ಅಪಾಯ ಕಾಣದ ಜಾಗವೇ ಇರಲಿಲ್ಲ. ಕಲಿಯುವವರು ತಿರುವನ್ನು ನೋಡುವ ಮೊದಲೇ, ರಸ್ತೆ ಬದಿಯ ನಾಯಿ ಎದ್ದು ಮೈ ಮುರಿಯುವ ಮೊದಲೇ ಅವರ ಕಾಲು ಕೆಳಗಿಳಿಯುತ್ತಿತ್ತು. ಕಾರು ಗಕ್ಕನೆ ನಿಲ್ಲುತ್ತಿತ್ತು. ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುತ್ತ ಕೂತವರ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಆಮೇಲೆ ಪಾಠ ಶುರು.

"ಗೊತ್ತಾಗ್ಲಿಲ್ಲ ಅಂದ್ರೆ ಕೇಳ್ಬೇಕು. ಸುಮ್ನೆ ಹೂಂ ಹೂಂ ಅಂತ ತಲೆ ಆಡಿಸ್ಬಾರ್ದು!"

ಸುಳ್ಳು ಹೂಂಗುಟ್ಟುವಿಕೆಯನ್ನು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅರ್ಥವಾದವನು ಒಂದು ಗಳಿಗೆ ತಡೆದು ತಲೆಯಾಡಿಸುತ್ತಾನೆ, ಅರ್ಥವಾಗದವನು ಮಾತು ಮುಗಿಯುವ ಮೊದಲೇ ಆಡಿಸುತ್ತಾನೆ. ಇದು ಮೇಷ್ಟ್ರು ಆ ಎಡಗಡೆಯ ಸೀಟಿನಲ್ಲಿ ಆಯುಷ್ಯ ಸವೆಸಿ ಕಂಡುಕೊಂಡ ಸತ್ಯ. ಬಂದವರಿಗೆಲ್ಲ ಇದನ್ನು ಹೇಳಿ, ತಾವೇ ಮೆಚ್ಚಿಕೊಳ್ಳುತ್ತಿದ್ದರು.

ಹೋದ ವರ್ಷ ಮಗಳಿಗೂ ಅದೇ ಕಾರಿನಲ್ಲಿ, ಹಿಂದಿನ ಸೀಟಿನವರ ಎದುರಿಗೇ ಪಾಠ ನಡೆಯಿತು. ಬೇರೆಯವರಿಗೆ ಒಂದು ಸಲ ಬ್ರೇಕ್ ಒತ್ತುವ ಕಡೆ ಅವಳಿಗೆ ಎರಡು ಸಲ ಒತ್ತಿದರು. ಸ್ವಂತ ಮಗಳು, ಬೇಗ ಕಲಿಯಲಿ ಎಂಬ ಪ್ರೀತಿ. ಆ ಪ್ರೀತಿ ಏರಿದ ದನಿಯಲ್ಲೇ ಹೊರಬರುತ್ತಿತ್ತು, ಅಷ್ಟೇ. ಒಂದು ದಿನ ದೊಡ್ಡ ಸರ್ಕಲ್ಲಿನ ನಟ್ಟನಡುವೆ ಕಾರು ಆಫ್ ಆಯಿತು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. "ತಲೇಲೇನು ಮಣ್ಣು ತುಂಬಿದ್ಯಾ?" ಎಂದು ಮೇಷ್ಟ್ರು ಕೂಗಿದರು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಗಳು ಹ್ಯಾಂಡ್ ಬ್ರೇಕ್ ಎಳೆದಳು, ಬೆಲ್ಟ್ ಬಿಚ್ಚಿದಳು, ಇಳಿದು, ಮನೆಗೆ ನಡೆದುಕೊಂಡು ಹೋದಳು.

ಅಂದಿನಿಂದ ಅವಳು ಆ ಕಾರಿನಲ್ಲಿ ಕೂತಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು ಎಂದೂ ಹೇಳುವ ಹಾಗಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮರ್ಯಾದೆಯಿಂದಲೇ ಕೊಡುತ್ತಿದ್ದಳು. ತಾನಾಗಿ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ಊಟ ಮುಗಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಒಳಗಿನಿಂದ ಕೀಬೋರ್ಡಿನ ಚಟಪಟ ಕೇಳಿಸುತ್ತಿತ್ತು, ಆಗಾಗ ನಗು. ಯಾವುದೋ ಆನ್‌ಲೈನ್ ಆಟವಂತೆ, ಅದರಲ್ಲಿ ಊರುಗಳಿವೆಯಂತೆ, ಕಾಡಿದೆಯಂತೆ, ದೇಶಾಂತರದಲ್ಲಿ ಕೂತವರೆಲ್ಲ ಒಟ್ಟಿಗೆ ಓಡಾಡುತ್ತಾರಂತೆ. ಆ ನಗುವನ್ನು ಮೇಷ್ಟ್ರು ಪೇಪರ್ ಹಿಡಿದು ಹೊರಗೆ ಕೂತು ಕೇಳುತ್ತಿದ್ದರು. ಒಳಗೊಳಗೇ ಕೊರೆಯುತ್ತಿತ್ತು. ಆದರೆ 'ತಪ್ಪಾಯ್ತು' ಎಂಬ ಮಾತನ್ನು ಅವರು ಬೇರೆಯವರಿಂದ ಹೇಳಿಸಿ ಗೊತ್ತೇ ಹೊರತು ತಾವು ಹೇಳಿ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಷ್ಟ್ರು ಶೂ ಹಾಕಿಕೊಳ್ಳುತ್ತಿದ್ದರೆ ಮಗಳು ಬಂದು ಎದುರಿಗೆ ನಿಂತಳು.

"ಅಪ್ಪ, ಭಾನುವಾರ ಸಾಯಂಕಾಲ ಬಿಡುವಿದ್ಯಾ?"

ಮೇಷ್ಟ್ರ ಕೈಯಲ್ಲಿದ್ದ ಲೇಸು ಹಾಗೇ ಉಳಿಯಿತು. "ಇದೆಯಲ್ಲ. ಯಾಕೆ?"

ಆಟದಲ್ಲಿ ಅವಳದ್ದೊಂದು ತಂಡವಿತ್ತು, ದೀಪದ ದಂಡು ಅಂತ. ಭಾನುವಾರ ಅವಳನ್ನು ಅದರ ನಾಯಕಿ ಮಾಡುತ್ತಾರಂತೆ. ಬಡಗಣ ಬಾಗಿಲು ಎಂಬಲ್ಲಿ ಎಲ್ಲರೂ ಸೇರಿ ಬಾವುಟ ಕೈಗೆ ಕೊಡುತ್ತಾರೆ. ನಾಯಕರಾಗುವವರು ತಮ್ಮ ಕಡೆಯಿಂದ ಒಬ್ಬರನ್ನು ಕರೆತರಬೇಕು, ಅದು ಅವರಲ್ಲಿ ನಡೆದುಬಂದ ಪದ್ಧತಿ.

"ಅಮ್ಮಂಗೆ ಅವತ್ತು ಕ್ಲಿನಿಕ್ ಇದೆ," ಎಂದು ಮೊದಲು ಹೇಳಿದಳು. ಆಮೇಲೆ ನೆಲ ನೋಡುತ್ತ, "ಇಲ್ದಿದ್ರೂ ನಿನ್ನನ್ನೇ ಕರೀಬೇಕು ಅಂತಿದ್ದೆ. ನಿಂಗೆ ಇಷ್ಟ ಇದ್ರೆ," ಎಂದಳು.

ಇಷ್ಟ ಇದ್ದರೆ! ಮೇಷ್ಟ್ರಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯಲಿಲ್ಲ. ಗಂಟಲು ಸರಿಮಾಡಿಕೊಂಡು, "ನೋಡೋಣ, ಬರ್ತೀನಿ," ಎಂದರು, ಲೈಸೆನ್ಸ್ ಪರೀಕ್ಷೆಗೆ ತಾರೀಖು ಕೊಡುವವರ ಗತ್ತಿನಲ್ಲಿ.

"ಆಟ ಶುರು ಮಾಡಿದ ತಕ್ಷಣ ಸರ್ವರ್ ಆರಿಸ್ಕೋ ಅಂತ ಕೇಳುತ್ತೆ," ಮಗಳು ಹೇಳತೊಡಗಿದಳು. "ಒಂದಷ್ಟು ಹೆಸರು ಬರುತ್ತೆ. ಅದ್ರಲ್ಲಿ ನೀಲಿಕೊಳ ಅಂತಿದೆ, ನಾವೆಲ್ಲ ಅಲ್ಲೇ ಇರೋದು. ಅದು ತುಂಬಿದೆ, ಕಾಯಬೇಕು ಅಂತ ತೋರ್ಸುತ್ತೆ. ಆದ್ರೂ ನೀನು..."

"ಹೂಂ, ಹೂಂ," ಎಂದು ಮೇಷ್ಟ್ರು ತಲೆಯಾಡಿಸಿದರು. ಮಾತು ಮುಗಿಯುವ ಮೊದಲೇ.

ಮಗಳು ತಡೆದಳು. "ಸಾಯಂಕಾಲ ಕೂತ್ಕೊಂಡು ತೋರಿಸ್ಲಾ?"

"ಏ ಬೇಡ ಬಿಡು ಪುಟ್ಟಿ. ಘಾಟಿ ರಸ್ತೇಲಿ ಲಾರಿ ಓಡಿಸಿದೋನು ನಾನು. ಒಂದು ಆಟ ಓಡ್ಸೋಕಾಗಲ್ವಾ?"

ಅವಳು ಸಣ್ಣಗೆ ನಕ್ಕಳು. ವರ್ಷದ ಮೇಲೆ ಆ ನಗು ಅವರ ಕಡೆಗೆ ತಿರುಗಿತ್ತು. ಮೇಷ್ಟ್ರು ಆ ದಿನವಿಡೀ ಹಿಂದಿನ ಸೀಟಿನವರ ಹಣೆಗಳನ್ನು ಉಳಿಸಿದರು.

ಡ್ರೈವಿಂಗ್ ಸ್ಕೂಲ್ ಎಂದರೆ ಒಂದೇ ಕೋಣೆ. ಗೋಡೆಯ ಮೇಲೆ ಬಣ್ಣ ಮಾಸಿದ ಸಂಚಾರ ಚಿಹ್ನೆಗಳು, ಮೇಜಿನ ಮೇಲೆ ಆಟಿಕೆ ಕಾರುಗಳನ್ನಿಟ್ಟು ಸರ್ಕಲ್ ಸುತ್ತುವುದು ಹೇಗೆಂದು ತೋರಿಸುವ ಹಲಗೆ, ಮೂಲೆಯಲ್ಲಿ ಏದುಸಿರು ಬಿಡುವ ಹಳೆಯ ಕಂಪ್ಯೂಟರ್. ಶನಿವಾರ ಮಧ್ಯಾಹ್ನ ಕೊನೆಯ ಪಾಠ ಮುಗಿಸಿ, ಬಾಗಿಲು ಮುಂದಕ್ಕೆ ಮಾಡಿ, ಮೇಷ್ಟ್ರು ಆ ಕಂಪ್ಯೂಟರಿನ ಮುಂದೆ ಕೂತರು. ಆಟ ಇಳಿಸಿಕೊಳ್ಳುವ ಹೊತ್ತಿಗೆ ಅದಕ್ಕೂ ಸಾಕಾಯಿತು, ಇವರಿಗೂ ಸಾಕಾಯಿತು. ಕಡೆಗೆ ಸಂಗೀತ ಮೊಳಗಿತು, ಪರದೆಯ ಮೇಲೆ ಸರ್ವರುಗಳ ಹೆಸರುಗಳು ಬಂದವು.

ಪ್ರತಿ ಹೆಸರಿನ ಪಕ್ಕ ಒಂದು ಚುಕ್ಕೆ. ಕೆಂಪು ಚುಕ್ಕೆ ಎಂದರೆ ತುಂಬಿದೆ, ಹಳದಿ ಎಂದರೆ ಜನರಿದ್ದಾರೆ, ಹಸಿರು ಎಂದರೆ ಖಾಲಿ. ನೀಲಿಕೊಳದ ಪಕ್ಕ ಕೆಂಪು ಇತ್ತು, ಸರದಿಯಲ್ಲಿ ಕಾಯಬೇಕು ಎಂದೂ ಇತ್ತು. ಅದರ ಎರಡು ಸಾಲು ಕೆಳಗೆ ಹೊಂಗಿರಿ ಎಂಬ ಹೆಸರು, ಪಕ್ಕದಲ್ಲಿ ಹಚ್ಚಹಸಿರು ಚುಕ್ಕೆ.

ಇಲ್ಲಿ ಒಂದು ಮಾತು ಹೇಳಬೇಕು. ಬೇರೆ ಯಾರೇ ಆಗಿದ್ದರೂ ನೀಲಿಕೊಳವನ್ನೇ ಒತ್ತುತ್ತಿದ್ದರು. ಈ ತಪ್ಪು ಮಾಡಲು ಹುಟ್ಟಾ ಡ್ರೈವರೇ ಆಗಿರಬೇಕು. ಟೋಲ್ ಗೇಟಿನಲ್ಲಿ ಹತ್ತು ಕಿಂಡಿಗಳಿರುತ್ತವೆ. ಒಂದರ ಮುಂದೆ ಲಾರಿಗಳ ಸಾಲು, ಇನ್ನೊಂದು ಖಾಲಿ. ಬುದ್ಧಿ ಇರುವವನು ಖಾಲಿ ಕಿಂಡಿಗೆ ಹೋಗುತ್ತಾನೆ, ಆಚೆ ಹೋದ ಮೇಲೆ ರಸ್ತೆ ಒಂದೇ ತಾನೇ. ಮೇಷ್ಟ್ರ ತಲೆಯಲ್ಲಿ ಈ ಸರ್ವರ್ ಎಂಬುದು ಅಂಥದೇ ಒಂದು ಕಿಂಡಿಯಾಯಿತು. 'ಪಾಪ, ಈ ಹುಡುಗರಿಗೆ ಗೊತ್ತಾಗಲ್ಲ, ಎಲ್ಲ ಒಂದೇ ಕಡೆ ನುಗ್ತಾರೆ' ಎಂದುಕೊಂಡು ಹೊಂಗಿರಿಯನ್ನು ಒತ್ತಿದರು. ಬಾಗಿಲು ತಕ್ಷಣ ತೆರೆಯಿತು. ಮೇಷ್ಟ್ರು ಮೀಸೆಯ ಅಡಿಯಲ್ಲೇ ನಕ್ಕರು.

ಹೆಸರು ಕೇಳಿತು. 'ಸಾರಥಿ' ಎಂದು ಬರೆದರು. ಅದೂ ಸಿಕ್ಕಿತು. ಅಂಥ ಹೆಸರು ಇನ್ನೂ ಯಾರೂ ತೆಗೆದುಕೊಂಡಿಲ್ಲವಲ್ಲ ಎಂದು ಅನುಮಾನ ಪಡುವ ಬದಲು, ತಮಗೇ ಕಾದಿಟ್ಟಿದ್ದಾರೆಂದು ಹಿಗ್ಗಿದರು. ಅಗಲ ಭುಜ, ತಲೆ ತುಂಬ ಕೂದಲು ಇರುವ ಒಬ್ಬ ತರುಣನನ್ನು ಆರಿಸಿಕೊಂಡರು. ಕೂದಲಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹೊತ್ತು ಯೋಚಿಸಿದರು. ಎಷ್ಟು ಬಗೆಯ ಕ್ರಾಪು! ಆ ತರುಣ ಗೋಡೆಗೆ ಡಿಕ್ಕಿ ಹೊಡೆದ, ಬಾವಿಯ ಕಟ್ಟೆಗೆ ಡಿಕ್ಕಿ ಹೊಡೆದ, ಹೊಳೆಗೆ ಬಿದ್ದು ಎದ್ದ. ಮೇಷ್ಟ್ರ ಕಾಲು ಮೇಜಿನಡಿ ತಾನಾಗಿ ನೆಲ ಒತ್ತುತ್ತಿತ್ತು. ಬ್ರೇಕ್ ಎಲ್ಲೂ ಇರಲಿಲ್ಲ. ಆದರೂ ಸಂಜೆಯೊಳಗೆ ಬಡಗಣ ಬಾಗಿಲನ್ನು ಹುಡುಕಿಟ್ಟುಕೊಂಡರು. ಎತ್ತರದ ಕಲ್ಲಿನ ಬಾಗಿಲು, ಎರಡು ಕಡೆ ಪಂಜು, ಮುಂದೆ ಅಗಲವಾದ ಮೆಟ್ಟಿಲು.

ಭಾನುವಾರ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು, ಇದ್ದಷ್ಟು ಕೂದಲನ್ನು ಬಾಚಿಕೊಂಡು ಆಫೀಸಿಗೆ ಹೋದರು. ಮನೆಯಲ್ಲಿ ಮಗಳು ತನ್ನ ಕಂಪ್ಯೂಟರಿನ ಮುಂದೆ ಆಗಲೇ ಕೂತಿದ್ದಳು. "ಅಲ್ಲೇ ಸಿಗೋಣ ಅಪ್ಪ," ಎಂದಿದ್ದಳು.

ಸಾರಥಿ ಬಡಗಣ ಬಾಗಿಲಿನ ಮೆಟ್ಟಿಲ ಮೇಲೆ ನಿಂತ. ಯಾರೂ ಇರಲಿಲ್ಲ. ಬೇಗ ಬಂದೆ ಎಂದುಕೊಂಡರು. ಹೊತ್ತಾಯಿತು, ಯಾರೂ ಬರಲಿಲ್ಲ. ಪಂಜು ಉರಿಯುತ್ತಿತ್ತು, ಒಂದು ನರಿ ಅತ್ತಿಂದಿತ್ತ ಓಡಿತು. ಮೇಷ್ಟ್ರಿಗೆ ಮೊದಲು ಬೇಸರವಾಯಿತು, ಆಮೇಲೆ ಕೋಪ ಬಂತು. ಕರೆದು ಹೀಗೆ ನಿಲ್ಲಿಸುವುದೇ? ಹೋದ ವರ್ಷದ ಸೇಡನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾಳೆಯೇ? ಕೂಗಾಡಲು ಬೇಕಾದ ಮಾತುಗಳೆಲ್ಲ ಬಾಯಲ್ಲಿ ಸಾಲುಗಟ್ಟಿ ನಿಂತವು.

ಅಷ್ಟರಲ್ಲಿ ಗಾಳ ಹೆಗಲಿಗಿಟ್ಟುಕೊಂಡ ಒಬ್ಬ ಆಟಗಾರ ಆ ದಾರಿಯಲ್ಲಿ ಬಂದ. ಮೇಷ್ಟ್ರು ಒಂದೊಂದೇ ಅಕ್ಷರ ಹುಡುಕಿ ಬರೆದರು: "ನೀಲಿಕೊಳದ ದೀಪದ ದಂಡಿನವರು ಎಲ್ಲಿ?"

"ಅದು ಬೇರೆ ಸರ್ವರ್ ಅಲ್ವಾ? ಇದು ಹೊಂಗಿರಿ," ಎಂದು ಗಾಳದವನು ಬರೆದ.

"ಅಲ್ಲಿಗೆ ದಾರಿ ಯಾವುದು?"

"ದಾರಿ ಇಲ್ಲ ಗುರುವೇ. ಒಂದೊಂದು ಸರ್ವರೂ ಒಂದೊಂದು ಬೇರೆ ಲೋಕ. ಇದೇ ಬಾಗಿಲು, ಇದೇ ಮೆಟ್ಟಿಲು ಅಲ್ಲೂ ಇರುತ್ತೆ. ಅಲ್ಲಿರೋರು ನಿಮಗೆ ಕಾಣಲ್ಲ, ನೀವು ಅವರಿಗೆ ಕಾಣಲ್ಲ. ಇಲ್ಲಿ ಈಗ ಯಾರೂ ಆಡಲ್ಲ, ಮೀನು ಹಿಡಿಯೋಕೆ ಪ್ರಶಾಂತವಾಗಿದೆ ಅಂತ ನಾನು ಬರ್ತೀನಿ." ಮತ್ತೆ ಬರೆದ: "ಹೊಸಬರಾ? ಆರಿಸೋ ಮೊದಲು ಗೊತ್ತಿರೋರನ್ನ ಒಂದು ಮಾತು ಕೇಳಬೇಕಿತ್ತು."

ಮೇಷ್ಟ್ರ ಕಿವಿ ಬಿಸಿಯಾಯಿತು. ಬಾಯಲ್ಲಿ ಸಾಲುಗಟ್ಟಿದ್ದ ಮಾತುಗಳೆಲ್ಲ ತಿರುಗಿ ಅವರನ್ನೇ ನೋಡಿದವು. ಅಂದರೆ ಇದೇ ಮೆಟ್ಟಿಲ ಮೇಲೆ, ಇದೇ ಪಂಜಿನ ಬೆಳಕಿನಲ್ಲಿ, ಈಗ ಮಗಳು ನಿಂತಿದ್ದಾಳೆ. ಸುತ್ತ ಅವಳವರೆಲ್ಲ ನಿಂತಿದ್ದಾರೆ. ತಾನು ಇಲ್ಲಿ ನರಿಯ ಜೊತೆ ನಿಂತಿದ್ದೇನೆ.

ಆಗಲೂ ಕಾಲ ಮೀರಿರಲಿಲ್ಲ. ಫೋನ್ ಎತ್ತಿ, 'ಪುಟ್ಟಿ, ತಪ್ಪು ಕಡೆ ಬಂದ್ಬಿಟ್ಟೆ, ಏನ್ ಮಾಡ್ಲಿ?' ಎಂದಿದ್ದರೆ ಮುಗಿದುಹೋಗುತ್ತಿತ್ತು. ಫೋನ್ ಎತ್ತಿಕೊಂಡರು ಕೂಡ. ಆದರೆ ಅವಳು ತನ್ನವರಿಗೆಲ್ಲ 'ನಮ್ಮಪ್ಪಂಗೆ ಸರ್ವರ್ ಆರಿಸೋಕೂ ಬರ್ಲಿಲ್ಲ' ಎನ್ನುವುದು, ಅವರೆಲ್ಲ ಕಿಸಕ್ಕನೆ ನಗುವುದು ಕಣ್ಣಿಗೆ ಕಟ್ಟಿತು. ಕೈಯಲ್ಲಿದ್ದ ಫೋನೇ ಅಷ್ಟರಲ್ಲಿ ಗುಂಯ್ ಎಂದಿತು. ಮಗಳ ಮೆಸೇಜು. "ಅಪ್ಪ ಎಲ್ಲಿದ್ದೀಯ? ಎಲ್ಲ ಕಾಯ್ತಿದ್ದೀವಿ."

ಮೇಷ್ಟ್ರು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟರು. ಅದು ಇನ್ನೆರಡು ಸಲ ಗುಂಯ್ ಎಂದಿತು. ಆಟಿಕೆ ಕಾರುಗಳಲ್ಲಿ ಒಂದು ಅಲುಗಾಡಿ, ಹಲಗೆಯ ಸರ್ಕಲ್ಲಿನೊಳಕ್ಕೆ ಸರಿಯಿತು. ಅವರು ಅದನ್ನು ನೋಡುತ್ತ ಕೂತರು, ಫೋನ್ ಮುಟ್ಟಲಿಲ್ಲ. ಮನೆಗೆ ಹೋಗುವ ಹೊತ್ತಿಗೆ ಮಗಳ ಕೋಣೆಯ ಬಾಗಿಲು ಹಾಕಿತ್ತು.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಿರುಗಿ ನೋಡದೆ ಕೇಳಿದಳು: "ನಿನ್ನೆ ಬಂದಿದ್ಯಾ ಅಪ್ಪ?"

ನಿಜ ಹೇಳಲು ಅದು ಎರಡನೆಯ ಅವಕಾಶ. ಮೇಷ್ಟ್ರು ಅದನ್ನೂ ಗಾಳಿಗೆ ತೂರಿದರು.

"ಬಂದಿದ್ದೆನಲ್ಲ! ಹಿಂದುಗಡೆ ನಿಂತಿದ್ದೆ. ಅಷ್ಟು ಜನರ ಮಧ್ಯೆ ನಿಂಗೆ ಕಾಣಿಸ್ಲಿಲ್ಲ ಅನ್ಸುತ್ತೆ. ಫೋನ್ ಬೇರೆ ಸೈಲೆಂಟಲ್ಲಿತ್ತು."

ಚಾಕು ಬ್ರೆಡ್ಡಿನ ಮೇಲೆ ನಿಂತಿತು. "ಹೇಗಿತ್ತು?"

"ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು." ಸುಳ್ಳಿಗೆ ಒಂದು ದೋಷವಿದೆ, ಒಂಟಿಯಾಗಿ ನಿಲ್ಲಲು ಅದಕ್ಕೆ ಬರುವುದಿಲ್ಲ. ಮೇಷ್ಟ್ರು ಜೊತೆಗಿನ್ನೊಂದನ್ನು ಸೇರಿಸಿದರು. "ಬಾವುಟ ನಿನ್ನ ಕೈಗೆ ಕೊಟ್ರಲ್ಲ, ಆಗ ನಾನು ಆಫೀಸಲ್ಲಿ ಎದ್ದು ನಿಂತು ಚಪ್ಪಾಳೆ ಹೊಡ್ದೆ."

ಮಗಳು ಅವರ ಕಡೆ ತಿರುಗಿದಳು. ಒಂದು ಗಳಿಗೆ ಮುಖವನ್ನೇ ನೋಡಿದಳು. ಆಮೇಲೆ "ಹೂಂ," ಎಂದು ತಲೆಯಾಡಿಸಿ, ತಟ್ಟೆ ಅಲ್ಲೇ ಬಿಟ್ಟು, ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದಳು. ಗಂಡಾಂತರ ಕಳೆಯಿತು ಎಂದು ಮೇಷ್ಟ್ರು ಉಸಿರು ಬಿಟ್ಟರು. ಉಸಿರು ಮಾತ್ರ ಪೂರ್ತಿ ಹೊರಬರಲಿಲ್ಲ.

ಅಂದು ಮೊದಲ ಪಾಠ ಬೇಕರಿಯವನದ್ದು. ಏರಿನಲ್ಲಿ ಕ್ಲಚ್ ಹಿಡಿದು ನಿಲ್ಲಿಸುವುದನ್ನು ಮೇಷ್ಟ್ರು ವಿವರಿಸುತ್ತಿದ್ದರು, ಬೇಕರಿಯವನು ಮಾತು ಮುಗಿಯುವ ಮೊದಲೇ ತಲೆಯಾಡಿಸಿದ. ಮೇಷ್ಟ್ರು ಬಾಯಿ ತೆರೆದರು. ಎಂದಿನ ಮಾತು ಬರಲೇ ಇಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಕಾರು ಹಿಂದಕ್ಕೆ ಜಾರಿತು, ಮೇಷ್ಟ್ರು ಮೆತ್ತಗೆ ಬ್ರೇಕ್ ಒತ್ತಿದರು, ಮತ್ತೆ ಸುಮ್ಮನಾದರು.

ಬೇಕರಿಯವನಿಗೆ ಬೈಗುಳಕ್ಕಿಂತ ಆ ಮೌನವೇ ಭಯವಾಯಿತು. "ಮೇಷ್ಟ್ರೇ, ನನ್ನಿಂದ ಏನಾದ್ರೂ ತಪ್ಪಾಯ್ತಾ? ಮೈ ಹುಷಾರಿಲ್ವಾ?"

"ಏನಿಲ್ಲ. ನಡಿ," ಎಂದರು ಮೇಷ್ಟ್ರು.

ಸಂಜೆ ಹೆಂಡತಿ ಕ್ಲಿನಿಕ್ಕಿನಿಂದ ಬಂದಳು. ಹಲ್ಲಿನ ಡಾಕ್ಟರ ಪಕ್ಕ ನಿಂತು ಬಾಯಿ ತೆರೆಸುವುದೇ ಅವಳ ಕೆಲಸ. ಮನೆಯಲ್ಲಿ ಗಂಡನ ಬಾಯಿ ಮುಚ್ಚಿಸುವುದೂ ಅವಳಿಗೇ ಒಪ್ಪಿಸಿದ್ದು. ಅಂದು ಬಂದವಳೇ ಒಣಗಿದ ಬಟ್ಟೆಯ ರಾಶಿ ಎಳೆದುಕೊಂಡು ಮಡಚಲು ಕೂತಳು. ಗಂಡನ ಮುಖ ನೋಡಲಿಲ್ಲ.

"ಚಪ್ಪಾಳೆ ಹೊಡೆದ್ರಂತೆ," ಎಂದಳು.

"ಹೂಂ, ಯಾಕೆ?"

"ಯಾವುದಕ್ಕೆ ಹೊಡೆದ್ರಿ? ನಿನ್ನೆ ಅಲ್ಲಿ ಏನೂ ನಡೀಲೇ ಇಲ್ಲ. ಅಪ್ಪ ಬರ್ತಾರೆ, ಅಪ್ಪ ಬರ್ತಾರೆ ಅಂತ ಎಲ್ಲರನ್ನೂ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಾದ್ಳು. ಕಡೆಗೆ, ಇನ್ನೊಂದು ದಿನ ಮಾಡೋಣ ಅಂತ ಮುಂದಕ್ಕೆ ಹಾಕಿದ್ರಂತೆ. ಬಾವುಟ ಇನ್ನೂ ಯಾರ ಕೈಗೂ ಕೊಟ್ಟಿಲ್ಲ." ಅಂಗಿಯೊಂದನ್ನು ಜೋರಾಗಿ ಕೊಡವಿದಳು. "ಮಧ್ಯಾಹ್ನ ಫೋನ್ ಮಾಡಿದ್ಳು. ನಿಮಗೆ ಹೇಳ್ಬೇಡ ಅಂದಿದ್ಳು. ನಂಗೇ ತಡ್ಕೊಳ್ಳೋಕಾಗ್ಲಿಲ್ಲ."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಮೇಷ್ಟ್ರಿಗೆ ಹಾಗಾಯಿತು. ಸುಳ್ಳು ಹೇಳಿದ್ದು ಒಂದು ಕಡೆ ಇರಲಿ. ಅವರು ಬಾವುಟ, ಚಪ್ಪಾಳೆ ಎಂದು ಬಣ್ಣ ಕಟ್ಟುತ್ತಿದ್ದಾಗ ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ 'ಹೇಗಿತ್ತು' ಎಂದು ಕೇಳಿದಳು, ಅಪ್ಪನಿಗೆ ನಿಜ ಹೇಳಲು ಇನ್ನೊಂದು ದಾರಿ ಬಿಟ್ಟುಕೊಟ್ಟಳು. ಆ ದಾರಿಯಲ್ಲೂ ಅವರು ಹೋಗದಿದ್ದಾಗ ಸುಮ್ಮನೆ ಹೂಂ ಎಂದಳು. ಅವಳು ತಡೆದು ತಲೆಯಾಡಿಸಿದ್ದಳು ಎಂಬುದು ಈಗ ಅವರಿಗೆ ನೆನಪಾಯಿತು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಎಲ್ಲಿದ್ರಿ ನಿಜವಾಗ್ಲೂ?" ಹೆಂಡತಿ ಈಗ ಮುಖ ನೋಡಿದಳು.

"ಅಲ್ಲೇ ಇದ್ದೆ," ಎಂದರು ಮೇಷ್ಟ್ರು. "ಬೇರೆ ಕಿಂಡೀಲಿ ಹೋಗ್ಬಿಟ್ಟಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ಆದರೆ ಗಂಡನ ಮುಖ ನೋಡಿ, ಮಡಚಿದ ಬಟ್ಟೆಗಳಲ್ಲಿ ಮಗಳದ್ದನ್ನು ಬೇರೆ ಮಾಡಿ ಅವರ ಕೈಗೆ ಕೊಟ್ಟಳು. "ಹೋಗಿ ಕೊಟ್ಟು ಬನ್ನಿ," ಎಂದಳು.

ಮಗಳ ಬಾಗಿಲ ಮುಂದೆ ಮೇಷ್ಟ್ರು ಬಟ್ಟೆ ಹೊತ್ತು ನಿಂತರು. ಎಷ್ಟೋ ಜನ ಲೈಸೆನ್ಸ್ ಪರೀಕ್ಷೆಯ ದಿನ ಹೀಗೆ ಬೆವರುವುದನ್ನು ನೋಡಿ ಅವರು ನಕ್ಕಿದ್ದರು. ಬಾಗಿಲು ಬಡಿದರು.

"ಬಾ," ಎಂದಳು. ಹಾಸಿಗೆಯ ಮೇಲೆ ಕೂತು ಪುಸ್ತಕ ನೋಡುತ್ತಿದ್ದಳು. ಬಟ್ಟೆಯನ್ನೂ ಅಪ್ಪನನ್ನೂ ನೋಡಿದಳು. "ಅಮ್ಮ ಹೇಳಿದ್ಳಾ?"

"ಹೂಂ."

"ಎದ್ದು ನಿಂತು ಚಪ್ಪಾಳೆ ಹೊಡ್ದೆ ಅಂದ್ಯಲ್ಲ ಅಪ್ಪ."

"ಹೂಂ." ಮೇಷ್ಟ್ರ ಕಣ್ಣು ನೆಲ ಬಿಟ್ಟು ಏಳಲಿಲ್ಲ. "ಹೊಂಗಿರಿ ಅಂತ ಒಂದಿತ್ತು. ಖಾಲಿ ಇತ್ತು. ಎಲ್ಲಿಂದ ಹೋದ್ರೂ ಒಂದೇ ಅಂದ್ಕೊಂಡೆ. ಆ ಬಾಗಿಲಲ್ಲಿ ನಿಂತೇ ಇದ್ದೆ. ನೀನು ಮೆಸೇಜ್ ಮಾಡೋ ಹೊತ್ತಿಗೆ ಗೊತ್ತಾಯ್ತು. ಫೋನು ಸೈಲೆಂಟಲ್ಲಿರ್ಲಿಲ್ಲ. ಕೈಯಲ್ಲೇ ಇತ್ತು."

"ಮತ್ಯಾಕೆ ಕೇಳ್ಲಿಲ್ಲ?"

"ನಾಚಿಕೆ ಆಯ್ತು."

"ನನ್ನ ಹತ್ರ ಕೇಳೋಕಾ?"

"ನಿನ್ನ ಹತ್ರ ಅಂತಾನೇ."

ಮಗಳು ಪುಸ್ತಕದ ಮೂಲೆಯನ್ನು ಮಡಚಿದಳು, ಬಿಡಿಸಿದಳು. "ಕಾರಲ್ಲಿ ನಂಗೂ ಹಾಗೇ ಆಗ್ತಿತ್ತು," ಎಂದಳು. ಚುಚ್ಚಲೆಂದು ಹೇಳಿದ್ದಲ್ಲ, ಆದ್ದರಿಂದಲೇ ಹೆಚ್ಚು ಚುಚ್ಚಿತು.

ಮೇಷ್ಟ್ರು ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡೇ ನಿಂತಿದ್ದರು. "ಆ ಸರ್ಕಲಲ್ಲಿ ನಾನು ಹಾಗನ್ನಬಾರ್ದಿತ್ತು ಪುಟ್ಟಿ. ಅಷ್ಟು ಜನರ ಎದುರಿಗೆ," ಎಂದರು. ಮಾತು ಹೊರಬಂದಿತು. ಆದರೆ ಮೈ ಹಗುರವಾಯಿತು ಎಂದೇನೂ ಇಲ್ಲ. ಹೇಳಿದ ಮೇಲೆ, ಹೇಳಲು ಒಂದು ವರ್ಷ ಹಿಡಿಯಿತಲ್ಲ ಎಂದು ಇನ್ನೂ ನಾಚಿಕೆಯಾಯಿತು.

ಅವಳು ಎದ್ದು ಅವರ ಕೈಯಿಂದ ಬಟ್ಟೆ ತೆಗೆದುಕೊಂಡಳು. ಕಂಪ್ಯೂಟರ್ ಆನ್ ಮಾಡಿದಳು. ತನ್ನ ಕುರ್ಚಿಯನ್ನು ಅಪ್ಪನಿಗೆ ಬಿಟ್ಟು, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತಳು.

ಮತ್ತೆ ಅದೇ ಹೆಸರುಗಳು, ಅದೇ ಚುಕ್ಕೆಗಳು ಬಂದವು. ಮೇಷ್ಟ್ರ ಕೈ ಅಭ್ಯಾಸಬಲದಿಂದ ಹಸಿರು ಚುಕ್ಕೆಯ ಕಡೆಗೇ ಹೋಯಿತು. ಮಗಳ ಕೈ ಮೌಸಿನತ್ತ ಮೇಲೆದ್ದದ್ದನ್ನು ಅವರು ಕಡೆಗಣ್ಣಿನಲ್ಲಿ ಕಂಡರು. ಅದು ಅಲ್ಲೇ ತಡೆದು, ಮಡಿಲಿಗೆ ವಾಪಸ್ ಹೋಯಿತು. ಅವಳು ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತಳು.

ಮೇಷ್ಟ್ರು ಮೌಸಿನ ಬಾಣವನ್ನು ಮೇಲಕ್ಕೆ, ನೀಲಿಕೊಳದ ಹತ್ತಿರ ತಂದರು. "ಇದಾ?" ಎಂದು ಕೇಳಿದರು.

"ಹೂಂ, ಅದೇ."

"ಕೆಂಪಿದೆಯಲ್ಲ."

"ಜನ ಇದಾರೆ ಅಂತ ಕೆಂಪು. ಜನ ಇರೋ ಕಡೆಗೇ ಅಲ್ವಾ ಹೋಗ್ಬೇಕಾಗಿರೋದು? ಒತ್ತಿ ಕಾಯಬೇಕು, ಅಷ್ಟೇ."

ಒತ್ತಿದರು. ಸರದಿ ಉದ್ದವಿತ್ತು. ಪರದೆಯ ಮೇಲೆ ಒಂದು ಮರಳುಗಡಿಯಾರ ತಿರುಗುತ್ತಿತ್ತು. ಯಾವ ಸಾಲಿನಲ್ಲೂ ಕಾದು ಗೊತ್ತಿಲ್ಲದ ಮೇಷ್ಟ್ರು ಕೈಕಟ್ಟಿ ಕಾದರು. ಮಗಳು ಪಕ್ಕದಲ್ಲಿ ಕೂತು ಕಾದಳು. ನಡುವೆ ಒಮ್ಮೆ ಹೆಂಡತಿ ಬಾಗಿಲಲ್ಲಿ ಇಣುಕಿ ನೋಡಿ, ಶಬ್ದ ಮಾಡದೆ ವಾಪಸ್ ಹೋದಳು.

ಕಡೆಗೆ ಸರದಿ ಬಂತು. 'ಸಾರಥಿ' ಎಂದು ಬರೆದರೆ, ಆ ಹೆಸರಿನವರು ಆಗಲೇ ಇದ್ದಾರೆ ಎಂದಿತು. ಇನ್ನೆರಡು ಗತ್ತಿನ ಹೆಸರು ಬರೆದರು, ಅವೂ ಹೋಗಿದ್ದವು. ಜನ ತುಂಬಿದ ಊರಿನಲ್ಲಿ ಗತ್ತಿನ ಹೆಸರು ಬಾಕಿ ಉಳಿದಿರುವುದುಂಟೇ? ಮೇಷ್ಟ್ರು ಯೋಚಿಸಿ 'ಹಳೇಕಾರು' ಎಂದು ಬರೆದರು. ಅದು ಸಿಕ್ಕಿತು. ಮಗಳು ಕಿಸಕ್ಕನೆ ನಕ್ಕಳು. ಈ ಸಲ ಮೇಷ್ಟ್ರಿಗೆ ನೋವಾಗಲಿಲ್ಲ.

ಹಳೇಕಾರು ಹೊಸಬರ ಹಳ್ಳಿಯ ಬಾವಿಕಟ್ಟೆಯ ಬಳಿ ಕಣ್ಣುಬಿಟ್ಟ. ಅಲ್ಲಿ ಸಂತೆಯಷ್ಟು ಜನ. ಬಡಗಣ ಬಾಗಿಲಿನ ದಾರಿ ಮೇಷ್ಟ್ರಿಗೆ ಗೊತ್ತಿತ್ತು, ಹೊರಟರು. ಹೊಂಗಿರಿಯಲ್ಲಿ ಅತ್ತಿಂದಿತ್ತ ಸುಮ್ಮನೆ ಓಡಾಡಿಕೊಂಡಿದ್ದ ನರಿಯನ್ನು ಇಲ್ಲಿ ಯಾರು ಕೆಣಕಿದ್ದರೋ, ಸೇತುವೆ ದಾಟುವ ಮೊದಲೇ ಅದು ಹಳೇಕಾರನ್ನು ಕಚ್ಚಿ ಕೆಡವಿತು. ಮತ್ತೆ ಹೊರಟರು, ಮತ್ತೆ ಬಿದ್ದರು.

"ನಿಲ್ಲು, ಅವರನ್ನೇ ಕರೀತೀನಿ," ಎಂದು ಮಗಳು ತನ್ನ ಫೋನಿನಲ್ಲೂ ಆಟ ತೆರೆದು ಏನೋ ಬರೆದಳು.

ಸ್ವಲ್ಪ ಹೊತ್ತಿಗೆ ಸೇತುವೆಯ ಆಚೆಯಿಂದ ದೀಪಗಳ ಸಾಲೊಂದು ಬಂತು. ಕುದುರೆಯ ಮೇಲೆ ಕೆಲವರು, ನಡೆದುಕೊಂಡು ಕೆಲವರು, ಎಲ್ಲರ ಕೈಯಲ್ಲೂ ಲಾಂದ್ರ. ಆ ಮೆಟ್ಟಿಲುಗಳಿಂದ ಇಲ್ಲಿಯವರೆಗೆ ಅಷ್ಟೂ ಜನ ಇಳಿದು ಬಂದಿದ್ದರು. ಬಂದವರೇ ಹಳೇಕಾರಿನ ಸುತ್ತ ಅರ್ಧಚಂದ್ರಾಕಾರವಾಗಿ ನಿಂತರು. ಬಿಳಿ ಗಡ್ಡದ ಕೊಡಲಿಯಜ್ಜ ಎಂಬವನ ಕೈಯಲ್ಲಿ ಸುತ್ತಿಟ್ಟ ಬಾವುಟವಿತ್ತು.

"ನಮಸ್ಕಾರ ಅಂಕಲ್," ಎಂದು ಕೊಡಲಿಯಜ್ಜ ಬರೆದ. "ನಮಗೆಲ್ಲ ಕುದುರೆ ಹತ್ತೋದು ಕಲಿಸಿದ್ದು ನಿಮ್ಮ ಮಗಳೇ. ನಾನು ಎಷ್ಟು ಸಲ ಬಿದ್ದಿದ್ದೀನೋ ಲೆಕ್ಕ ಇಲ್ಲ, ಒಂದು ದಿನಾನೂ ಗದರಿಲ್ಲ. ಯಾರ ಹತ್ರ ಕಲಿತೆ ಅಂದ್ರೆ, ಅಪ್ಪಂದೂ ಇದೇ ಕೆಲಸ ಅಂದ್ಳು."

ಮೇಷ್ಟ್ರಿಗೆ ಕಣ್ಣು ಮಂಜಾಯಿತು. ಅವಳು ಇಷ್ಟು ಮಾತ್ರ ಹೇಳಿದ್ದಳು, ಉಳಿದದ್ದನ್ನು ಹೇಳಿರಲಿಲ್ಲ.

ಅಷ್ಟರಲ್ಲಿ ಮಿಣುಕುಹುಳ ಎಂಬ ಹೆಸರಿನವಳೊಬ್ಬಳು ಮುಂದೆ ಬಂದು ಕೇಳಿದಳು: "ಜ್ವರ ಹೇಗಿದೆ ಅಂಕಲ್? ನಿನ್ನೆ ತುಂಬಾ ಇತ್ತಂತೆ, ಎದ್ದೇಳೋಕೂ ಆಗ್ತಿರ್ಲಿಲ್ಲವಂತೆ. ಇವತ್ತು ಇಷ್ಟು ಬೇಗ ಯಾಕೆ ಎದ್ರಿ?"

ಇನ್ನಷ್ಟು ಜನ ಬರೆದರು. ಹುಷಾರಾಗಿರಿ ಅಂಕಲ್. ಬಿಸಿನೀರು ಕುಡೀರಿ ಅಂಕಲ್. ಕಾದಿದ್ದು ಪರವಾಗಿಲ್ಲ ಅಂಕಲ್.

ಮೇಷ್ಟ್ರು ನಿಧಾನವಾಗಿ ಪಕ್ಕಕ್ಕೆ ತಿರುಗಿದರು. ಮಗಳು ಪರದೆಯನ್ನೇ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು, ಥೇಟ್ ಅವರದೇ ಕಿವಿಯಂತೆ. ಅಪ್ಪ ಫೋನ್ ಕವುಚಿ ಹಾಕಿ ಕೂತಿದ್ದ ಹೊತ್ತಿನಲ್ಲಿ ಆ ಮೆಟ್ಟಿಲ ಮೇಲೆ ನಿಂತು, ಅಪ್ಪನ ಮಾನ ಉಳಿಸಲು ಇವಳು ಜ್ವರ ಕಟ್ಟಿ ಹೇಳಿದ್ದಳು. ಅವರು ತಮ್ಮನ್ನು ಕಾಪಾಡಿಕೊಳ್ಳಲು ಸುಳ್ಳು ಹೇಳಿದ್ದರು, ಅವಳು ಅವರನ್ನು ಕಾಪಾಡಲು ಹೇಳಿದ್ದಳು. ಮೇಷ್ಟ್ರು ಆ ಎರಡು ದಿನಗಳಲ್ಲಿ ಪಟ್ಟ ನಾಚಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು.

ಜ್ವರ ಬಿಟ್ಟಿತು ಎಂದು ಬರೆದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಅದೂ ಒಂದು ಖಾಲಿ ಕಿಂಡಿ. ಜ್ವರವೇ ಇರಲಿಲ್ಲ ಎಂದು ಬರೆದರೆ ಇಷ್ಟು ಜನರ ಎದುರು ಮಗಳು ಸುಳ್ಳುಗಾತಿಯಾಗುತ್ತಾಳೆ. ಇಷ್ಟು ಜನರ ಎದುರು ಅವಳನ್ನು ತಲೆ ತಗ್ಗಿಸುವಂತೆ ಮಾಡುವ ಕೆಲಸ ಅವರು ಒಮ್ಮೆ ಮಾಡಿ ಆಗಿತ್ತು.

ಮೇಷ್ಟ್ರು ಎರಡು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಬರೆಯತೊಡಗಿದರು. ದಂಡಿನವರು ಲಾಂದ್ರ ಹಿಡಿದು ಕಾದರು.

"ಜ್ವರ ಇರಲಿಲ್ಲ. ಜ್ವರ ಅಂತ ಮಗಳಿಗೆ ಸುಳ್ಳು ಹೇಳಿದ್ದು ನಾನು. ಅವಳು ಅದನ್ನೇ ನಂಬಿ ನಿಮಗೆ ಹೇಳಿದಳು. ನನಗೆ ಸರ್ವರ್ ಆರಿಸೋಕೆ ಬರಲಿಲ್ಲ. ಖಾಲಿ ಇದೆ ಅಂತ ಬೇರೆ ಕಡೆ ಹೋಗಿ ನಿಂತಿದ್ದೆ. ಕೇಳೋಕೆ ನಾಚಿಕೆ ಆಯಿತು. ಕಾಯಿಸಿದ್ದಕ್ಕೆ ಕ್ಷಮಿಸಿ."

ಯಾರೂ ನಗಲಿಲ್ಲ. ಕೊಡಲಿಯಜ್ಜ ಬಾವುಟ ಬಿಚ್ಚತೊಡಗಿದ.

ಪಕ್ಕದಲ್ಲಿ ಮಗಳು ಓದಿ ಮುಗಿಸಿದಳು. ಮೆಲ್ಲಗೆ ಕೇಳಿದಳು: "ಅಪ್ಪ, ಇದೂ ಸುಳ್ಳೇ ಅಲ್ವಾ?"

ಮೇಷ್ಟ್ರು ಒಂದು ಗಳಿಗೆ ತಡೆದರು. ಆಮೇಲೆ "ಹೂಂ," ಎಂದು ತಲೆಯಾಡಿಸಿದರು.